ನಗರಾಡಳಿತದ ಆಯವ್ಯಯದಲ್ಲಿ ಸಿಬ್ಬಂದಿ ತರಬೇತಿಗೆ ವೇತನದ ಶೇಕಡಾ ಎಷ್ಟು ಹಣ ತೆಗೆದಿರಿಸಬೇಕು?

ಇದೇ ಶೇಕಡಾವಾರು ಲೆಕ್ಕವನ್ನು ಹಿಡಿದುಕೊಂಡು ನಾನೂ ಹಿಂದೆ ಒಂದು ನಗರಾಡಳಿತದ ಲೆಕ್ಕಪತ್ರ ಶಾಖೆಯಲ್ಲಿ ಆಯವ್ಯಯದ ಕರಡು ಸಿದ್ಧಪಡಿಸಿದ್ದೆ. ವೇತನ ವೆಚ್ಚದ ಶೇಕಡಾ 2ರಷ್ಟನ್ನು ತರಬೇತಿಯ ಲೆಕ್ಕಶೀರ್ಷಿಕೆಗೆ (ಆಯವ್ಯಯದಲ್ಲಿ ಒಂದು ಬಗೆಯ ವೆಚ್ಚಕ್ಕೆಂದೇ ಇರುವ ಬಾಬ್ತಿಗೆ) ಹಾಕಿ, ಶುಲ್ಕ, ಪ್ರಯಾಣ ಮತ್ತು ವಸತಿಯ ವೆಚ್ಚಗಳನ್ನು ಅದರಡಿ ತೋರಿಸಿದ್ದೆ. ಯಾರೂ ಆಕ್ಷೇಪಿಸಲಿಲ್ಲ, ಪೂರ್ತಿ ಮೊತ್ತ ಮಂಜೂರಾಯಿತು.

ಆ ವರ್ಷದ ಮುಖ್ಯ ಕಾರ್ಯಕ್ರಮವೆಂದರೆ ನೀರು ಶುದ್ಧೀಕರಣ ಘಟಕದ 20 ಮಂದಿ ನಿರ್ವಾಹಕರಿಗೆ ತಲಾ 5 ದಿನಗಳ ತರಬೇತಿ. ಕ್ಲೋರಿನ್ ಎಷ್ಟು ಬೆರೆಸಬೇಕು, ಸೋರಿಕೆಯಾದರೆ ಏನು ಮಾಡಬೇಕು ಎಂಬಂಥ, ಜನರ ಜೀವಕ್ಕೆ ಸಂಬಂಧಿಸಿದ ವಿಷಯಗಳು ಅದರಲ್ಲಿದ್ದವು. ಕಡತವು ಘಟಕದ ಮೇಲ್ವಿಚಾರಕರ ಬಳಿಗೆ ಹೋದಾಗ ಅವರು ಒಂದೇ ಪ್ರಶ್ನೆ ಬರೆದಿದ್ದರು: ಇವರು ತರಬೇತಿಯಲ್ಲಿರುವಾಗ ಪಾಳಿ ನಡೆಸುವವರು ಯಾರು? ನಾನು ‘ಆಂತರಿಕ ಹೊಂದಾಣಿಕೆ ಮಾಡಿಕೊಳ್ಳತಕ್ಕದ್ದು’ ಎಂದು ಷರಾ ಬರೆದು ಕಡತವನ್ನು ಮುಂದಕ್ಕೆ ಕಳುಹಿಸಿದೆ.

ಆ ಷರಾದಲ್ಲಿದ್ದ ತಪ್ಪನ್ನು ವಿವರವಾಗಿಯೇ ಹೇಳಬೇಕು. ವರ್ಷದ 365 ದಿನಗಳಲ್ಲಿ ವಾರಕ್ಕೆ ಎರಡರಂತೆ 104 ದಿನ ಕಳೆದರೆ 261 ಉಳಿಯುತ್ತದೆ. ಉಳಿದ ರಜೆಗಳನ್ನೂ ಕಳೆದರೆ ಒಬ್ಬ ನೌಕರ ನಿಜವಾಗಿ ಕೆಲಸದ ಜಾಗದಲ್ಲಿರುವುದು ಸುಮಾರು 220 ದಿನ, ಅಂದರೆ ದಿನಕ್ಕೆ 8 ಗಂಟೆಯಂತೆ 1,760 ಗಂಟೆ. ಹಗಲಿರುಳೂ ನಡೆಯುವ ಘಟಕದಲ್ಲಿ, ಸದಾ ಒಬ್ಬರು ಇರಲೇಬೇಕಾದ ಒಂದು ಸ್ಥಾನಕ್ಕೆ ವರ್ಷಕ್ಕೆ 8,760 ಗಂಟೆಗಳ ದುಡಿಮೆ ಬೇಕು. ಹಾಗಾಗಿ ಒಂದು ಸ್ಥಾನಕ್ಕೆ 5 ಮಂದಿ. ಅವರೆಲ್ಲರೂ ಸೇರಿ ಕೊಡುವುದು 8,800 ಗಂಟೆ. ವರ್ಷವಿಡೀ ಮಿಗುವುದು 40 ಗಂಟೆ ಮಾತ್ರ, ಆದರೆ ನನ್ನ ಯೋಜನೆ ಆ ಐವರಿಂದ ಕೇಳುತ್ತಿದ್ದುದು 200 ಗಂಟೆ. ನಮ್ಮಲ್ಲಿ ನಾಲ್ಕು ಸ್ಥಾನಗಳಿಗೆ ಸರಿಯಾಗಿ 20 ಮಂದಿ ಇದ್ದುದರಿಂದ, ಒಟ್ಟು 640 ಗಂಟೆಗಳ, ಎಂದರೆ 80 ಪಾಳಿಗಳ ಕೊರತೆಯನ್ನು ನಾನು ‘ಹೊಂದಾಣಿಕೆ’ ಎಂಬ ಒಂದು ಪದದ ಕೆಳಗೆ ಮುಚ್ಚಿಟ್ಟಿದ್ದೆ. ಮೇಲ್ವಿಚಾರಕರಿಗೆ ಈ ಲೆಕ್ಕ ಬಾಯಿಪಾಠವಿತ್ತು. ನಾನು ಅವರನ್ನು ಕೇಳಿರಲಿಲ್ಲ.

ಇಪ್ಪತ್ತು ಮಂದಿಯಲ್ಲಿ ಹೋಗಲು ಸಾಧ್ಯವಾದದ್ದು ಆರು ಮಂದಿಗೆ. ಅವರ ಜಾಗದಲ್ಲಿ ಉಳಿದವರು ಸತತ ಎರಡು ಪಾಳಿ ದುಡಿದರು. ಕಟ್ಟಿದ ಶುಲ್ಕ ವ್ಯರ್ಥವಾಗದಿರಲೆಂದು ತರಬೇತಿಯಲ್ಲಿ ಖಾಲಿ ಉಳಿದ ಸ್ಥಾನಗಳಿಗೆ ಕಚೇರಿಯ ಗುಮಾಸ್ತರನ್ನು ಕಳುಹಿಸಲಾಯಿತು. ಕ್ಲೋರಿನ್ ಸಿಲಿಂಡರನ್ನು ಎಂದೂ ಮುಟ್ಟದವರ ಕೈಗೆ ಪ್ರಮಾಣಪತ್ರ ಬಂತು. ಇತರ ಶಾಖೆಗಳಲ್ಲೂ ನೌಕರರಿಗೆ ಕೆಲಸದಿಂದ ಬಿಡುಗಡೆ ಸಿಗದೆ ಬಹುಪಾಲು ಅನುದಾನ ವರ್ಷಾಂತ್ಯಕ್ಕೆ ವ್ಯಪಗತವಾಯಿತು, ಅಂದರೆ ಬಳಕೆಯಾಗದೆ ರದ್ದಾಯಿತು, ಮತ್ತು ‘ಕಳೆದ ವರ್ಷ ಖರ್ಚಾಗಿಲ್ಲ’ ಎಂಬ ಕಾರಣ ನೀಡಿ ಮುಂದಿನ ವರ್ಷ ಅದನ್ನು ಅರ್ಧಕ್ಕಿಳಿಸಿದರು. ಮೂರು ಬಾರಿ ಅರ್ಜಿ ಹಾಕಿಯೂ ಬಿಡುಗಡೆ ಸಿಗದ ಒಬ್ಬ ಯುವ ನಿರ್ವಾಹಕ ಕೆಲಸವನ್ನೇ ಬಿಟ್ಟುಹೋದ. ಅದು ನನಗೆ ಇಂದಿಗೂ ನೋವಿನ ಸಂಗತಿ.

ಆದ್ದರಿಂದ ಶೇಕಡಾ ಎಷ್ಟು ಎಂಬ ತಮ್ಮ ಪ್ರಶ್ನೆಯನ್ನೇ ಕೈಬಿಡಬೇಕೆಂದು ನನ್ನ ಒತ್ತಾಯ. ಮೊದಲು ತರಬೇತಿಯ ಒಟ್ಟು ಮಾನವ ದಿನಗಳನ್ನು (ಪ್ರತಿಯೊಬ್ಬರೂ ತರಬೇತಿಯಲ್ಲಿ ಕಳೆಯುವ ದಿನಗಳನ್ನು) ಕೂಡಿ 220ರಿಂದ ಭಾಗಿಸಿರಿ. ಬರುವ ಸಂಖ್ಯೆಯೇ ತಮಗೆ ಬೇಕಾದ ಬದಲಿ ಹುದ್ದೆಗಳು. ಅದರ ವೇತನವನ್ನು ಶುಲ್ಕದ ಪಕ್ಕದಲ್ಲೇ, ಅದೇ ಲೆಕ್ಕಶೀರ್ಷಿಕೆಯಲ್ಲಿ ತೋರಿಸಿರಿ. ಬೇರೆ ಶೀರ್ಷಿಕೆಯಲ್ಲಿಟ್ಟರೆ ಮೊದಲು ಕತ್ತರಿ ಬೀಳುವುದು ಅದಕ್ಕೇ. ಖಾಲಿ ಹುದ್ದೆಗಳ ಉಳಿತಾಯದಿಂದ ಇದನ್ನು ಭರಿಸೋಣವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಏಕೆಂದರೆ ಹುದ್ದೆ ಖಾಲಿಯಿರುವ ಶಾಖೆಯಿಂದಲೇ ಯಾರನ್ನೂ ಬಿಡುಗಡೆ ಮಾಡಲಾಗುವುದಿಲ್ಲ.

ಪದವಿ ವ್ಯಾಸಂಗದ ನೆರವು ಬೇರೆಯೇ ವಿಷಯ. ಅದು ಹಲವು ವರ್ಷಗಳ ಹೊಣೆಯಾದ್ದರಿಂದ ಮುಂದಿನ ವರ್ಷಗಳ ಅಂದಾಜಿನಲ್ಲೂ ತೋರಿಸಬೇಕು. ಸೇವೆಯಲ್ಲಿ ಮುಂದುವರಿಯುವ ಮುಚ್ಚಳಿಕೆ ಪಡೆದು ಶುಲ್ಕವನ್ನು ಮುಂಗಡವಾಗಿಯೇ ಕೊಡುವುದು ಸರಿಯೆಂದು ನನ್ನ ಅಭಿಪ್ರಾಯ. ತೇರ್ಗಡೆಯಾದ ಮೇಲೆ ಮರುಪಾವತಿ ಎಂದರೆ ಕಡಿಮೆ ವೇತನದವರು ಸೇರುವುದೇ ಇಲ್ಲ.

ಕರಡನ್ನು ಸಭೆಗೆ ಮಂಡಿಸುವ ಮೊದಲು ಪ್ರತಿ ಮೇಲ್ವಿಚಾರಕರಿಂದ ತರಬೇತಿಗೆ ಹೋಗುವವರ ಹೆಸರಿನ ಎದುರು ಬದಲಿಗೆ ನಿಲ್ಲುವವರ ಹೆಸರನ್ನು ಬರೆಸಿಕೊಳ್ಳಿರಿ. ಆ ಅಂಕಣ ಖಾಲಿ ಉಳಿದಲ್ಲಿ, ಬದಲಿಯ ವೇತನ ಮಂಜೂರಾಗುವವರೆಗೆ ಆ ತರಬೇತಿಯ ಶುಲ್ಕವನ್ನು ಕಟ್ಟಬೇಡಿ.