ಲಸಿಕೆ ಬಿಟ್ಟು ಎಚ್‌ಐವಿ ತಡೆಯುವ ಬೇರೆ ಔಷಧಗಳ ಸಂಶೋಧನೆಗೆ ಸರ್ಕಾರ, ದಾನಿಗಳ ದುಡ್ಡೇ ಯಾಕೆ ಜಾಸ್ತಿ ಬೇಕು?

ಖರ್ಚು ಭಾರಿ, ತೀರಾ ಬೇಕಾದವರ ಹತ್ತಿರ ಕೊಳ್ಳಲು ಕಾಸಿಲ್ಲ. ಅದಕ್ಕೇ ಕಂಪನಿಗಳು ಹಿಂಜರಿಯುತ್ತವೆ.

ಖರ್ಚು ಯಾಕೆ ಅಷ್ಟು? ಜ್ವರದ ಮಾತ್ರೆ ಕೊಟ್ಟರೆ ಜ್ವರ ಇಳಿದದ್ದು ಕಾಣುತ್ತದೆ. ಇಲ್ಲಿ ಲೆಕ್ಕ ಹಾಕಬೇಕಾದ್ದು ಬಾರದೇ ಹೋದ ಸೋಂಕನ್ನು. ಹಾಗಾಗಿ ಸಾವಿರಾರು ಆರೋಗ್ಯವಂತರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಿರಬೇಕು. ದಿನಕ್ಕೊಂದು ಮಾತ್ರೆ ನುಂಗಿದರೆ ಎಚ್‌ಐವಿ ತಡೆಯಬಹುದೇ ಎಂದು ನೋಡಿದ, 2010ರಲ್ಲಿ ಫಲಿತಾಂಶ ಬಂದ ಐಪ್ರೆಕ್ಸ್ ಪ್ರಯೋಗದಲ್ಲಿ 2,499 ಜನರಿದ್ದರು. ಔಷಧವೇ ಇಲ್ಲದ ಸುಳ್ಳು ಮಾತ್ರೆಯ ಗುಂಪಿನಲ್ಲಿ 64 ಜನರಿಗೆ, ನಿಜದ ಮಾತ್ರೆಯ ಗುಂಪಿನಲ್ಲಿ 36 ಜನರಿಗೆ ಸೋಂಕು ತಗುಲಿತು. ಆ ವ್ಯತ್ಯಾಸ ತಿಳಿಯಲು ಅಷ್ಟು ಜನ ಬೇಕಾಯಿತು! ದುಡ್ಡು ಹಾಕಿದ್ದು ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಮತ್ತು ಗೇಟ್ಸ್ ಪ್ರತಿಷ್ಠಾನ. ಗಿಲಿಯಡ್ ಎಂಬ ಔಷಧ ಕಂಪನಿ ಮಾತ್ರೆಗಳನ್ನು ಪುಕ್ಕಟೆ ಕೊಟ್ಟಿತು.

ಇನ್ನು ಕೊಳ್ಳುವವರ ಮಾತು. ಚಳ್ಳಕೆರೆ ಕಡೆ ಶೇಂಗಾ ಕೀಳಲು ಹೋಗುವ ಹೆಣ್ಣುಮಗಳು ಗಂಡನಿಗೆ ಕಾಂಡೋಮ್ ಹಾಕು ಅನ್ನೋದು ಸುಲಭವಲ್ಲ, ಅಲ್ವಾ? ಯಾರನ್ನೂ ಕೇಳದೆ ತಾನೇ ಬಳಸಬಹುದಾದ, ಯೋನಿಯೊಳಗೆ ಇಟ್ಟುಕೊಳ್ಳುವ ಔಷಧದ ರಿಂಗ್, ಇಂಜೆಕ್ಷನ್ ಇಂಥವರಿಗೇ ಮೊದಲು ಬೇಕು. ಆದರೆ ಕೂಲಿ ದುಡ್ಡಿನಲ್ಲಿ ದುಬಾರಿ ಔಷಧ ಕೊಳ್ಳಲಾಗದು. ನನ್ನ ಪ್ರಕಾರ ಸಾರ್ವಜನಿಕರ ದುಡ್ಡು ಹೋಗಬೇಕಾದ ಜಾಗ ಇದೇ.

ಶ್ರೀಮಂತ ದೇಶಗಳಲ್ಲಿ ಮಾರುಕಟ್ಟೆ ಕಂಡರೆ ಕಂಪನಿಗಳೂ ಮುಂದೆ ಬರುತ್ತವೆ. ಎಚ್‌ಐವಿ ತಡೆಯಲು ವರ್ಷಕ್ಕೆ ಎರಡೇ ಸಲ ಹಾಕಿಸಿಕೊಳ್ಳುವ ಲೆನಕಾಪವಿರ್ ಇಂಜೆಕ್ಷನ್ನಿನ ದೊಡ್ಡ ಪ್ರಯೋಗಗಳನ್ನು ಗಿಲಿಯಡ್ ತಾನೇ ನಡೆಸಿತು.