"ಕೋಡಿಂಗ್ ಬರದವರ ಪೇಪರ್" ಅಂತ ಹೇಳಿದವರು ಯಾರು?

ವಿರಾಜಪೇಟೆ ಕಡೆಯ ಬಿಸಿಎ ವಿದ್ಯಾರ್ಥಿಯೊಬ್ಬರು ಕೇಳಿದ್ದು ಇಷ್ಟು: ಐದನೇ ಸೆಮಿಸ್ಟರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಎಲೆಕ್ಟಿವ್ ತಗೊಳ್ಳಬಹುದಾ, ಕೋಡಿಂಗ್ ಬರದವರ ಪೇಪರ್ ಅಂತ ಕ್ಲಾಸಿನಲ್ಲಿ ನಗ್ತಾರಲ್ಲ ಅದು ನಿಜಾನಾ, ಕೊಡಗಿನಲ್ಲಿ ಕೂತು ಪ್ರಾಕ್ಟೀಸ್ ಮಾಡೋಕೆ ಏನಿದೆ?

ತಗೊಳ್ಳಿ. ನಗುವವರು ನಗಲಿ. ನಾನು ಮಾದಾಪುರ ಕಡೆಯವಳು. ಹನ್ನೊಂದು ವರ್ಷದಿಂದ ಟೆಸ್ಟಿಂಗಿನಲ್ಲೇ ಅನ್ನ ಹುಟ್ಟಿಸಿಕೊಂಡಿದ್ದೇನೆ. ಮೊದಲು ಬೆಂಗಳೂರಿನಲ್ಲಿ, ಈಗ ಕರೆಂಟು ದಯೆ ತೋರಿದ ದಿನ ಮನೆಯಿಂದಲೇ. ನಮ್ಮ ಕಾಲದಲ್ಲೂ ಇದಕ್ಕೆ "ಸ್ಕೋರಿಂಗ್ ಸಬ್ಜೆಕ್ಟ್" ಅಂತಲೇ ಹೆಸರು. ಡೆಫಿನಿಷನ್ ಬಾಯಿಪಾಠ ಮಾಡು, ಸಾಫ್ಟ್‌ವೇರ್ ಕಟ್ಟುವ ಹಂತ ತೋರಿಸುವ ವಿ-ಮಾಡೆಲ್ ಚಿತ್ರ ಬರಿ, ಅಂಕ ತಗೋ, ಮರೆತುಬಿಡು. ನಾನೂ ಹಾಗೇ ಪಾಸಾದವಳು. ಪಾಠ ತಲೆಗೆ ಹತ್ತಿದ್ದು ಆಮೇಲೆ, ಅಪ್ಪನ ಮಳೆ ಡೈರಿಯಿಂದ.

ಮೊದಲ ಯುನಿಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾಟರ್‌ಫಾಲ್, ವಿ-ಮಾಡೆಲ್, ವೆರಿಫಿಕೇಶನ್, ವ್ಯಾಲಿಡೇಶನ್, ಎರರ್, ಫಾಲ್ಟ್, ಫೇಲ್ಯೂರ್. ಒಂದು ಸಂಜೆ ಕೂತರೆ ಮುಗಿಯುತ್ತದೆ. ಪ್ರೋಗ್ರಾಮಿನ ತಪ್ಪಿಗೆ ಹೇಳುವ ಬಗ್ ಎಂಬ ಪದ ಹುಟ್ಟಿದ್ದೇ 1947ರಲ್ಲಿ ಹಾರ್ವರ್ಡಿನ ಕಂಪ್ಯೂಟರಿನೊಳಗೆ ಸಿಕ್ಕ ಪತಂಗದಿಂದ ಅಂತ ಯಾರಾದರೂ ಹೇಳಿದರೆ ತಲೆಯಾಡಿಸಿ ಸುಮ್ಮನಿರಿ. ಎಡಿಸನ್ 1878ರಲ್ಲೇ ಆ ಪದ ಬಳಸಿದ್ದ. ಪತಂಗವನ್ನು ಅಂಟಿಸಿದ ಲಾಗ್‌ಬುಕ್ ಪುಟದಲ್ಲಿ "ನಿಜವಾದ ಬಗ್ ಸಿಕ್ಕ ಮೊದಲ ಪ್ರಸಂಗ" ಅಂತ ತಮಾಷೆಯಾಗಿ ಬರೆದಿದ್ದಾರೆ ಅಂದಮೇಲೆ ಪದ ಮೊದಲೇ ಇತ್ತು ಅಂತಲೇ ಅರ್ಥ.

ಪೇಪರಿನ ನಿಜವಾದ ಪ್ರಶ್ನೆ ಶುರುವಾಗುವುದು ಇಲ್ಲಿಂದ: ಎಲ್ಲವನ್ನೂ ಟೆಸ್ಟ್ ಮಾಡಿಬಿಟ್ಟರೆ ಆಗದಾ? ಲೆಕ್ಕ ಹಾಕಿ. ಎರಡು ಸಂಖ್ಯೆ ಕೂಡಿಸುವ ಪುಟ್ಟ ಪ್ರೋಗ್ರಾಂ, ಒಂದೊಂದು ಸಂಖ್ಯೆಗೂ 32 ಬಿಟ್. ಎಲ್ಲ ಜೋಡಿಗಳನ್ನೂ ಹಾಕಿ ನೋಡಬೇಕೆಂದರೆ, ಸೆಕೆಂಡಿಗೆ 100 ಕೋಟಿ ಟೆಸ್ಟ್ ಓಡಿಸಿದರೂ 584 ವರ್ಷ ಬೇಕು. ಬರೀ ಕೂಡಿಸುವುದಕ್ಕೆ! ಹಾಗಾಗಿ ಆರಿಸಲೇಬೇಕು. ಕಾಫಿ ವ್ಯಾಪಾರಿ ಎಲ್ಲ ಮೂಟೆಯನ್ನೂ ನೆಲಕ್ಕೆ ಸುರಿದು ನೋಡುತ್ತಾನಾ? ಚೂಪು ಕೊಳವೆ ಚುಚ್ಚಿ ಮೇಲಿಂದ, ನಡುವಿಂದ, ತಳದಿಂದ ಒಂದೊಂದು ಹಿಡಿ ತೆಗೆದು ಔಟ್‌ಟರ್ನ್, ಅಂದರೆ ಒಳ್ಳೇ ಬೇಳೆ ಎಷ್ಟು ಸಿಗುತ್ತದೆ ಅಂತ ನೋಡುತ್ತಾನೆ. ಮೇಲಿನ ಹಿಡಿಯನ್ನಷ್ಟೇ ನೋಡಿ ದುಡ್ಡು ಕೊಡುವವನು ಒಂದೇ ಸೀಸನ್ನಿನಲ್ಲಿ ಅಂಗಡಿ ಮುಚ್ಚುತ್ತಾನೆ. ಎಲ್ಲಿ ಚುಚ್ಚಬೇಕು ಅನ್ನುವುದನ್ನೇ ಈ ಪೇಪರಿನ ಎರಡನೇ ಯುನಿಟ್ ಕಲಿಸುವುದು.

ಈಗ ಮಳೆ ಡೈರಿ. ಕೊಡಗಿನವರಿಗೆ ಹೇಳಬೇಕಿಲ್ಲ, ಹೊರಗಿನವರು ಓದುತ್ತಿದ್ದರೆ ಅಂತ ಹೇಳುತ್ತೇನೆ: ನಮ್ಮ ತೋಟದ ಮನೆಗಳಲ್ಲಿ ಬೆಳಿಗ್ಗೆ ಕಾಫಿ ಆದಮೇಲೆ ಮಳೆಮಾಪಕದ ಹತ್ತಿರ ಹೋಗಿ, ಕೂಡಿದ ನೀರನ್ನು ಗ್ಲಾಸಿಗೆ ಸುರಿದು ಅಳೆದು ಡೈರಿಯಲ್ಲಿ ಬರೆಯುವುದು ಹಲ್ಲುಜ್ಜಿದಷ್ಟೇ ಸಹಜ. ಅಳತೆ ಇಂಚು ಮತ್ತು ಸೆಂಟಿನಲ್ಲಿ. 100 ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. (ಜಾಗ ಅಳೆಯುವ ಸೆಂಟ್ ಬೇರೆ.) ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಪ್ಪನಿಗೆ ಅಂತ ನಾನೊಂದು ಸಣ್ಣ ಆ್ಯಪ್ ಮಾಡಿದೆ. ತಾರೀಖು ಹಾಕು, ಮಳೆ ಹಾಕು, ಸೇವ್ ಒತ್ತು. ತಿಂಗಳ ಮೊತ್ತ ತಾನೇ ಬರುತ್ತದೆ. ಪುಸ್ತಕದಲ್ಲಿ ಓದಿದ್ದನ್ನೆಲ್ಲ ನಿಷ್ಠೆಯಿಂದ ಮಾಡಿದೆ. ದಿನಕ್ಕೆ 0ಯಿಂದ 2000 ಸೆಂಟ್ ತನಕ ಒಪ್ಪಬೇಕು ಅಂತ ಇಟ್ಟುಕೊಂಡು ಬೌಂಡರಿ ವ್ಯಾಲ್ಯೂ, ಅಂದರೆ ಗಡಿಯ ಆಸುಪಾಸಿನ ಸಂಖ್ಯೆಗಳನ್ನು ಹಾಕಿದೆ: 0, 1, 1000, 1999, 2000. ಗಡಿ ದಾಟಿದ -1, 2001 ಕೂಡ. ಎಲ್ಲ ಪಾಸ್.

ನಡುವೆ ಒಂದು ಮಾತು. ಪರೀಕ್ಷೆಯಲ್ಲಿ 4ಎನ್+1 ಸೂತ್ರ (ಎನ್ ಅಂದರೆ ಇನ್‌ಪುಟ್ ಎಷ್ಟಿವೆ ಅನ್ನುವುದು) ಕೇಳುತ್ತಾರೆ, ಹುಡುಗರು ಗಿಣಿಪಾಠ ಒಪ್ಪಿಸುತ್ತಾರೆ. ಅದರ ಹಿಂದೆ ಮಂತ್ರವೇನಿಲ್ಲ. ಒಂದೊಂದು ಇನ್‌ಪುಟ್‌ಗೂ ಕನಿಷ್ಠ, ಅದರ ಪಕ್ಕದ್ದು, ಗರಿಷ್ಠದ ಪಕ್ಕದ್ದು, ಗರಿಷ್ಠ ಅಂತ ನಾಲ್ಕು. ಒಂದನ್ನು ಗಡಿಗೆ ಒಯ್ಯುವಾಗ ಉಳಿದವು ನಡುಮಧ್ಯದಲ್ಲಿ ಕೂತಿರುತ್ತವೆ. ಎಲ್ಲವೂ ನಡುಮಧ್ಯದಲ್ಲಿರುವ ಕೇಸ್ ಒಂದೇ ಸಾಕು, ಅದೇ ಆ +1. ತ್ರಿಕೋನದ ಮೂರು ಬದಿ ಕೊಟ್ಟು ಅದು ಯಾವ ಬಗೆಯದು ಅಂತ ಹೇಳಿಸುವ ಹಳೇ ಲೆಕ್ಕಕ್ಕೆ 13 ಕೇಸ್ ಬರುವುದು ಹೀಗೆ. ಗಡಿಯಾಚೆಯ ಎರಡನ್ನೂ ಸೇರಿಸಿದರೆ 6ಎನ್+1, ಅಂದರೆ 19. ಎಲ್ಲ ಗಡಿಗಳೂ ಒಟ್ಟೊಟ್ಟಿಗೆ ಬೇಕು ಅಂತ ಹಟ ಹಿಡಿದರೆ 5ರ ಘಾತ 3, 125.

ಆ್ಯಪಿಗೆ ಬರೋಣ. ಜೂನ್ ಮುಗಿಯಿತು. ಅಪ್ಪನ ಡೈರಿಯ ಮೊತ್ತಕ್ಕೂ ನನ್ನ ಆ್ಯಪಿನ ಮೊತ್ತಕ್ಕೂ ತಾಳೆಯಿಲ್ಲ. ಆ್ಯಪ್ ಸುಮಾರು ಮೂರು ಇಂಚು ಜಾಸ್ತಿ ತೋರಿಸುತ್ತಿತ್ತು. "ನಿನ್ನ ಫೋನಿಗೆ ಮಾತ್ರ ಬೇರೆ ಮಳೆ ಬಂದಿರಬೇಕು ಮಗಳೇ" ಅಂದರು ಅಪ್ಪ.

ದಿನ ದಿನದ ಲೆಕ್ಕ ಎದುರುಬದುರು ಇಟ್ಟು ಕೂತೆ. ಡೈರಿಯಲ್ಲಿ ಜೂನ್ 11ಕ್ಕೆ "1-05" ಅಂತಿದೆ, ಅಂದರೆ ಒಂದು ಇಂಚು ಐದು ಸೆಂಟ್. ಆ್ಯಪಿನಲ್ಲಿ ಅಪ್ಪ ಒತ್ತಿದ್ದು 1.5. ಬಾಯಲ್ಲಿ ಹೇಳುವಾಗ "ಒಂದಿಂಚು ಐದು" ತಾನೇ! ಆ್ಯಪ್ ಅದನ್ನು ಒಂದು ಇಂಚು ಐವತ್ತು ಸೆಂಟ್ ಅಂತ ತಗೊಂಡಿದೆ. ಇಂಥ ದಿನಗಳು ಇನ್ನೂ ಇದ್ದವು. ಕ್ರ್ಯಾಶ್ ಇಲ್ಲ, ಕೆಂಪಕ್ಷರ ಇಲ್ಲ, ಗಡಿಯೊಳಗೇ ಇದೆ. ನನ್ನ ಏಳೂ ಟೆಸ್ಟ್ ಪಾಸಾಗಿವೆ, ಮಳೆ ಮಾತ್ರ ತಪ್ಪು. ಎರರ್, ಫಾಲ್ಟ್, ಫೇಲ್ಯೂರ್ ಅಂತ ಮೂರು ಪದ ಯಾಕೆ ಅಂತ ಅವತ್ತು ಗೊತ್ತಾಯಿತು. ತೋಟದವರು ಹೇಗೆ ಓದುತ್ತಾರೆಂದು ಕೇಳದೆ ಇದ್ದದ್ದು ನನ್ನ ಎರರ್. ಒಂದೇ ಡಬ್ಬಿಯಲ್ಲಿ ದಶಮಾಂಶ ತಗೊಂಡದ್ದು ಕೋಡಿನಲ್ಲಿ ಕೂತ ಫಾಲ್ಟ್. ತಿಂಗಳ ಕೊನೆಗೆ ಕಂಡ ಮೂರು ಇಂಚು ಫೇಲ್ಯೂರ್. ಇಂಚಿಗೊಂದು ಡಬ್ಬಿ, ಸೆಂಟಿಗೊಂದು ಡಬ್ಬಿ ಮಾಡಿದೆ, ಸರಿಹೋಯಿತು.

ಪೂರ್ತಿ ಸರಿಹೋಗಲಿಲ್ಲ. ಇನ್ನೂ 60 ಸೆಂಟ್ ವ್ಯತ್ಯಾಸ ಉಳಿಯಿತು. ಜುಲೈ 1ರ ಬೆಳಿಗ್ಗೆ ಎಂಟಕ್ಕೆ ಅಳೆದ ನೀರು ಯಾವ ತಿಂಗಳದು? ಅಪ್ಪ ಅದನ್ನು ಜೂನ್ 30ಕ್ಕೆ ಬರೆಯುತ್ತಾರೆ, ಯಾಕೆಂದರೆ ಮಳೆ ಸುರಿದದ್ದು ಬಹುಪಾಲು ಅವತ್ತೇ. ಆ್ಯಪ್ ಅಳೆದ ದಿನಕ್ಕೇ ಹಾಕುತ್ತದೆ. ಇಲ್ಲಿ ಕೋಡ್ ಸರಿಯಾ ತಪ್ಪಾ ಅಂತ ಕೋಡ್ ನೋಡಿ ಹೇಳಲು ಬರುವುದಿಲ್ಲ. ಬರೆದುಕೊಂಡ ಪ್ರಕಾರ ಕಟ್ಟಿದ್ದೇವಾ ಅನ್ನುವುದು ವೆರಿಫಿಕೇಶನ್, ಬೇಕಾದದ್ದನ್ನೇ ಕಟ್ಟಿದ್ದೇವಾ ಅನ್ನುವುದು ವ್ಯಾಲಿಡೇಶನ್. ಎರಡು ಅಂಕದ ಪ್ರಶ್ನೆಯಾಗಿ ಓದಿದ್ದ ಈ ವ್ಯತ್ಯಾಸ ನನಗೆ ಅರ್ಥವಾಗಲು ಅಪ್ಪನ ಬೆಳಗಿನ ಎಂಟು ಗಂಟೆ ಬೇಕಾಯಿತು. ತಾರೀಖಿನ ವಿಷಯ ಬಂದಾಗ ಫೆಬ್ರವರಿ 29ನ್ನೂ ಮರೆಯಬೇಡಿ. 2000 ಅಧಿಕ ವರ್ಷ, 1900 ಅಲ್ಲ.

ನಿಮಗೆ ಹೇಳಬೇಕೆಂದಿರುವುದು ಒಂದೇ. ಲ್ಯಾಬ್ ರೆಕಾರ್ಡಿನ ಟೆಸ್ಟ್ ಕೇಸ್ ಟೇಬಲ್‌ನಲ್ಲಿ "ಎಕ್ಸ್‌ಪೆಕ್ಟೆಡ್ ರಿಸಲ್ಟ್" ಅಂತ ಒಂದು ಕಾಲಂ ಇರುತ್ತದೆ. ಎಲ್ಲರೂ ಮಾಡುವುದೇನು? ಪ್ರೋಗ್ರಾಂ ಓಡಿಸಿ, ಬಂದ ಉತ್ತರವನ್ನೇ ಆ ಕಾಲಮ್ಮಿಗೂ ಬರೆದು, ಪಕ್ಕದಲ್ಲಿ ಪಾಸ್ ಅಂತ ಹಾಕುವುದು. ನಾನೂ ಹಾಗೇ ಮಾಡಿದ್ದೆ, ನಮ್ಮ ಲ್ಯಾಬಿನಲ್ಲಿ ಸಹಿಯೂ ಬಿತ್ತು. ಆ ಕಾಲಂ ಮೊದಲು ತುಂಬಬೇಕು, ಪ್ರೋಗ್ರಾಂ ಮುಟ್ಟುವ ಮೊದಲು, ಬೇರೆ ಕಡೆಯಿಂದ. ಪಾಠದಲ್ಲಿ ಅದಕ್ಕೆ ಟೆಸ್ಟ್ ಒರಾಕಲ್ ಅಂತಾರೆ. ನಮ್ಮ ಮನೆಯಲ್ಲಿ ಅದು ನೀಲಿ ಶಾಯಿಯ ಡೈರಿ. ಆ ಡೈರಿ ಇಲ್ಲದಿದ್ದರೆ 1.5 ಇವತ್ತಿಗೂ ಪಾಸ್ ಆಗಿಯೇ ಇರುತ್ತಿತ್ತು.

ಇನ್ನು ಕೋಡಿಂಗ್ ಬೇಡವಾ ಅನ್ನುವ ಪ್ರಶ್ನೆ. ಬೇಕು. ಕೋಡಿನ ಒಳಗೇ ಇಣುಕಿ ಟೆಸ್ಟ್ ಮಾಡುವ ವೈಟ್ ಬಾಕ್ಸ್ ಯುನಿಟ್‌ಗೆ ಬಂದಾಗ ಕೋಡ್ ಓದಲು ಬರದವರು ಸಿಕ್ಕಿಬೀಳುತ್ತಾರೆ. ಅದೇ ಆ್ಯಪಿನಲ್ಲಿ ಮಳೆ ಬಂದ ದಿನಗಳ ಸರಾಸರಿ ಕೊಡುವ ನಾಲ್ಕು ಸಾಲಿತ್ತು: ಪ್ರತಿದಿನದ ಮಳೆಯನ್ನು ಮೊತ್ತಕ್ಕೆ ಸೇರಿಸು, ಮಳೆ ಸೊನ್ನೆಗಿಂತ ಜಾಸ್ತಿ ಇದ್ದರೆ ದಿನಗಳ ಲೆಕ್ಕಕ್ಕೆ ಒಂದು ಕೂಡು, ಕೊನೆಗೆ ಮೊತ್ತವನ್ನು ದಿನಗಳಿಂದ ಭಾಗಿಸು. ಜುಲೈ ತಿಂಗಳು ಕೊಟ್ಟು ಓಡಿಸಿದೆ. ಒಂದು ಸಾಲೂ ಬಿಡದಂತೆ ಓಡಿತು, ಸ್ಟೇಟ್‌ಮೆಂಟ್ ಕವರೇಜ್ 100 ಶೇಕಡಾ. ಆದರೆ ಜುಲೈನಲ್ಲಿ ನಮ್ಮಲ್ಲಿ ಮಳೆಯಿಲ್ಲದ ದಿನ ಎಲ್ಲಿದೆ? ಆ ಇಫ್‌ನ "ಇಲ್ಲ" ಅನ್ನುವ ದಾರಿಗೆ ಯಾರೂ ಕಾಲೇ ಇಟ್ಟಿರಲಿಲ್ಲ. ಬ್ರಾಂಚ್ ಕವರೇಜ್ ಕೇಳುವುದು ಅದನ್ನೇ. ಜನವರಿ ಕೊಟ್ಟಾಗ ತಿಂಗಳಿಡೀ ಹನಿಯಿಲ್ಲ, ದಿನಗಳ ಲೆಕ್ಕ ಸೊನ್ನೆ, ಸೊನ್ನೆಯಿಂದ ಭಾಗಿಸಲು ಹೋಗಿ ಪ್ರೋಗ್ರಾಂ ಮಕಾಡೆ ಬಿತ್ತು. ಗಮನಿಸಿ, ಜುಲೈ ಜೊತೆಗೆ ಒಂದೆರಡು ಒಣ ದಿನ ಸೇರಿಸಿದ್ದರೆ ಬ್ರಾಂಚ್ ಕವರೇಜೂ 100 ಬಂದುಬಿಡುತ್ತಿತ್ತು, ಭಾಗಾಕಾರದ ತಪ್ಪು ಆಗಲೂ ಸಿಗುತ್ತಿರಲಿಲ್ಲ. ಶೇಕಡಾ ನೂರು ನೋಡಿ ನಿದ್ದೆ ಮಾಡಬೇಡಿ. ಕೋಡಿನಲ್ಲಿ ಸ್ವತಂತ್ರ ದಾರಿ ಎಷ್ಟಿವೆ ಅಂತ ಎಣಿಸುವ, ಮೆಕೇಬ್ 1976ರಲ್ಲಿ ಕೊಟ್ಟ ಸೈಕ್ಲೊಮ್ಯಾಟಿಕ್ ಕಾಂಪ್ಲೆಕ್ಸಿಟಿ ಲೆಕ್ಕವೂ ಇದೇ ಯುನಿಟ್‌ನಲ್ಲಿ ಬರುತ್ತದೆ. ಮೇಲಿನ ಕೋಡಿಗೆ ಒಂದು ಲೂಪ್, ಒಂದು ಇಫ್, ಜೊತೆಗೆ ಒಂದು, ಒಟ್ಟು 3. ಗ್ರಾಫ್ ಬರೆದು ಎಣಿಸಿದರೂ ಅಷ್ಟೇ ಬರಬೇಕು.

ಒಂದೊಂದು ಭಾಗವನ್ನೂ ಬೇರೆಬೇರೆ ನೋಡುವ ಯುನಿಟ್ ಟೆಸ್ಟಿಂಗ್ ಮುಗಿದ ಮೇಲೆ, ಭಾಗಗಳನ್ನು ಜೋಡಿಸಿ ನೋಡುವ ಇಂಟಿಗ್ರೇಶನ್ ಟೆಸ್ಟಿಂಗ್ ಯಾಕೆ ಅಂತ ಕೇಳುವವರಿಗೆ ಮಳೆಮಾಪಕವೇ ಉತ್ತರ. ಗ್ಲಾಸಿನ ಗೀಟುಗಳನ್ನು ಕೊಳವೆಯ ಬಾಯಿ ಎಷ್ಟು ಅಗಲ ಅಂತ ನೋಡಿ ಹಾಕಿರುತ್ತಾರೆ. ಗ್ಲಾಸ್ ಒಡೆಯಿತು ಅಂತ ಸಿಕ್ಕ ಇನ್ನೊಂದನ್ನು ತಂದಿಟ್ಟು, 200 ಚದರ ಸೆಂಟಿಮೀಟರ್ ಬಾಯಿಗೆ 100ರ ಗ್ಲಾಸ್ ಹಿಡಿದರೆ ಮಳೆ ಎರಡು ಪಟ್ಟು ಕಾಣುತ್ತದೆ. ಕೊಳವೆ ಸರಿ, ಗ್ಲಾಸೂ ಸರಿ, ಜೋಡಿ ತಪ್ಪು. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋದದ್ದೂ ಇಂಥದ್ದರಿಂದಲೇ. ಒಂದು ಸಾಫ್ಟ್‌ವೇರ್ ಪೌಂಡ್-ಫೋರ್ಸ್ ಸೆಕೆಂಡಿನಲ್ಲಿ ಲೆಕ್ಕ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್ ಸೆಕೆಂಡ್ ಅಂತ ಓದಿಕೊಂಡಿತು, ನೌಕೆ ಮಂಗಳದ ವಾತಾವರಣಕ್ಕೆ ತೀರಾ ಹತ್ತಿರ ಹೋಯಿತು.

ಬಗ್ ರಿಪೋರ್ಟ್ ಬರೆಯುವುದನ್ನು ಕ್ಲಾಸಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ, ಅದು ನನ್ನ ತಕರಾರು. ನನ್ನ ಮೊದಲ ಕೆಲಸದಲ್ಲಿ "ಸೇವ್ ಆಗುತ್ತಿಲ್ಲ" ಅಂತ ಒಂದೇ ಸಾಲು ಬರೆದು ಕಳಿಸಿದ್ದೆ. "ನಮ್ಮಲ್ಲಿ ಆಗುತ್ತಿದೆ" ಅಂತ ಅದೇ ವೇಗದಲ್ಲಿ ವಾಪಸ್ ಬಂತು. ಬರೆಯಬೇಕಿದ್ದದ್ದು ಹೀಗೆ: ಸೇವ್ ಒತ್ತಿದ ತಕ್ಷಣ ನೆಟ್‌ವರ್ಕ್ ಹೋದರೆ ಚಕ್ರ ತಿರುಗುತ್ತಲೇ ಇರುತ್ತದೆ, ಮತ್ತೆ ಒತ್ತಿದರೆ ಸಿಗ್ನಲ್ ಬಂದಾಗ ಒಂದೇ ದಾಖಲೆ ಎರಡು ಸಲ ಕೂರುತ್ತದೆ, ಐದು ಸಲ ಮಾಡಿ ನೋಡಿದೆ, ಐದೂ ಸಲ ಹಾಗೇ ಆಯಿತು. ಬೆಂಗಳೂರಿನ ವೈಫೈನಲ್ಲಿ ಕೂತ ಡೆವಲಪರಿಗೆ ಇದು ಜನ್ಮದಲ್ಲಿ ಸಿಗುವುದಿಲ್ಲ. ನಮಗೆ ಮಳೆಗಾಲದಲ್ಲಿ ಕರೆಂಟು ಹೋಗಿ, ಸ್ವಲ್ಪ ಹೊತ್ತಿಗೆ ಟವರೂ ಸತ್ತರೆ ಬಿಟ್ಟಿಯಾಗಿ ಸಿಗುತ್ತದೆ. ಕೊಡಗಿನಲ್ಲಿ ಪ್ರಾಕ್ಟೀಸಿಗೆ ಏನಿದೆ ಅಂದಿರಲ್ಲ, ಇದೇ ಇದೆ. ಸಿವಿಯರಿಟಿ (ತಪ್ಪು ಎಷ್ಟು ಗಂಭೀರ), ಪ್ರಯಾರಿಟಿ (ಎಷ್ಟು ಬೇಗ ಸರಿಮಾಡಬೇಕು) ಗೊಂದಲವಾದರೆ, ಮುಖಪುಟದಲ್ಲಿ ಮಡಿಕೇರಿಯನ್ನು "ಮಡಕೇರಿ" ಅಂತ ಹಾಕಿದ್ದಾರೆ ಅಂದುಕೊಳ್ಳಿ. ಯಾವ ಕೆಲಸವೂ ನಿಲ್ಲುವುದಿಲ್ಲ, ಆದರೆ ಇವತ್ತೇ ಸರಿಮಾಡಬೇಕು.

ಉದ್ಯೋಗದ ಮಾತು ಚುಟುಕಾಗಿ. ನಮ್ಮ ಕಡೆಯ ಹುಡುಗರು ಇಂಥ ಕೆಲಸಕ್ಕೆ ಮೈಸೂರು, ಬೆಂಗಳೂರಿನ ಬಸ್ಸೇ ಹತ್ತುವುದು. ಬರೀ ಕೈಯಲ್ಲಿ ಕ್ಲಿಕ್ ಮಾಡಿ ನೋಡುವ ಟೆಸ್ಟಿಂಗ್ ನಂಬಿ ಹೋಗಬೇಡಿ. ಜಾವಾ ಅಥವಾ ಪೈಥಾನ್ ಒಂದು, ಡೇಟಾಬೇಸ್ ಕೆದಕಲು ಎಸ್‌ಕ್ಯೂಎಲ್, ಬ್ರೌಸರ್ ಓಡಿಸಲು ಸೆಲೆನಿಯಂ, ಎಪಿಐ (ಪ್ರೋಗ್ರಾಂಗಳು ಒಂದಕ್ಕೊಂದು ಮಾತಾಡುವ ದಾರಿ) ನೋಡಲು ಪೋಸ್ಟ್‌ಮ್ಯಾನ್, ಇಷ್ಟು ಕೈಗೆ ಹತ್ತಿರಲಿ. ಟೆಸ್ಟಿಂಗಿನ ಅಂತರರಾಷ್ಟ್ರೀಯ ಸರ್ಟಿಫಿಕೇಟಾದ ಐಎಸ್‌ಟಿಕ್ಯೂಬಿಯ ಫೌಂಡೇಶನ್ ಪರೀಕ್ಷೆ ಕಟ್ಟಬೇಕಾ ಅಂತ ಮುಂದೆ ಕೇಳಿಯೇ ಕೇಳುತ್ತೀರಿ. 40 ಪ್ರಶ್ನೆ, 60 ನಿಮಿಷ, 26 ಸರಿಯಾದರೆ ಪಾಸ್. ನಿಮ್ಮ ಸಿಲಬಸ್ಸಿನ ಬಹುಪಾಲು ಅದರಲ್ಲಿ ಬರುತ್ತದೆ. ಆದರೆ ಕೈಯಿಂದ ದುಡ್ಡು ಹಾಕಿ ಈಗಲೇ ಬರೆಯುವ ಅವಸರ ಬೇಡ ಅನ್ನುವುದು ನನ್ನ ಲೆಕ್ಕ. ಕೆಲಸ ಸಿಕ್ಕಮೇಲೆ ಕಂಪನಿಯವರೇ ಕಟ್ಟಿದರೂ ಕಟ್ಟಬಹುದು.

ಮಿನಿ ಪ್ರಾಜೆಕ್ಟಿಗೆ ಎಲ್ಲರ ಹಾಗೆ ಶಾಪಿಂಗ್ ಸೈಟಿನ ಲಾಗಿನ್ ಪೇಜ್ ತಗೋಬೇಡಿ, ಅದನ್ನು ನೋಡಿ ನೋಡಿ ಲೆಕ್ಚರರ್‌ಗಳಿಗೂ ಸಾಕಾಗಿದೆ. ಮನೆಯಲ್ಲಿ ಮಳೆ ಡೈರಿ ಇದ್ದರೆ ಮಳೆಯನ್ನೇ ತಗೊಳ್ಳಿ. ತೋಟ ಇಲ್ಲದಿದ್ದರೆ ಕುಯ್ಲಿನ ಕೂಲಿ ಲೆಕ್ಕ ನೋಡಿಕೊಳ್ಳುವ ಯಾರನ್ನಾದರೂ ಹಿಡಿಯಿರಿ. ಇಷ್ಟು ಕೆಜಿ ತನಕ ಒಂದು ದರ, ದಾಟಿದರೆ ಇನ್ನೊಂದು ದರ ಅಂತ ಇರುವ ಕಡೆ ಗಡಿ ತಾನಾಗಿ ಸಿಗುತ್ತದೆ. ಮೊದಲ ದಿನ ಕಂಪ್ಯೂಟರ್ ಆನ್ ಮಾಡಬೇಡಿ. ಅವರ ಹಳೇ ಪುಸ್ತಕದಿಂದ ಇಪ್ಪತ್ತು ಸಾಲು ನಕಲು ಮಾಡಿ, ಎಕ್ಸ್‌ಪೆಕ್ಟೆಡ್ ರಿಸಲ್ಟ್ ಕಾಲಮ್ಮನ್ನು ಪೆನ್ನಿನಲ್ಲಿ ತುಂಬಿಕೊಂಡು ಬನ್ನಿ. ಡಬ್ಬಿ ಖಾಲಿ ಬಿಟ್ಟರೆ ಏನಾಗಬೇಕು, ಸೊನ್ನೆ ಹಾಕಿದರೆ ಏನಾಗಬೇಕು ಅನ್ನುವ ಎರಡು ಸಾಲೂ ಅದರಲ್ಲಿರಲಿ. ಮಳೆ ಬರಲಿಲ್ಲ ಅನ್ನುವುದೇ ಬೇರೆ, ಅಳೆಯಲೇ ಇಲ್ಲ ಅನ್ನುವುದೇ ಬೇರೆ. ನಮ್ಮ ಆ್ಯಪಿನಲ್ಲಿ ನಾವು ಮದುವೆಗೆ ಅಂತ ಗೋಣಿಕೊಪ್ಪಕ್ಕೆ ಹೋಗಿದ್ದ ಮೂರು ದಿನ ಇವತ್ತಿಗೂ ಬಿಸಿಲು ಕಾಯುತ್ತಿವೆ.