ಸ್ನಾಯು ಸಡಿಲಿಸುವ ಗುಳಿಗೆ: ಎಷ್ಟು ದಿನ, ಯಾವುದರ ಜೊತೆ ಬೇಡ

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನವ, ವಯಸ್ಸು 44. ಹಂಗಾಮಿನಾಗ ಟ್ರ್ಯಾಕ್ಟರ್‌ಗೆ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೊಡೀತೀನಿ. ಎರಡು ತಿಂಗಳ ಹಿಂದ ಟೊಂಕ ಹಿಡಕೊಂಡಾಗ ಡಾಕ್ಟರು ಐದು ದಿನದ ಗುಳಿಗಿ ಬರಕೊಟ್ಟಿದ್ರು, ಆರಾಮಾತು. ಆಮ್ಯಾಲ ಅದೇ ಚೀಟಿ ತೋರಿಸಿ ತಗೊಳ್ಳಾಕತ್ತೀನಿ, ಈಗ ದಿನಾ ಎರಡು ಬೇಕಾಗೈತಿ. ಮ್ಯಾಲೆ ಅಸೆಕ್ಲೋಫೆನಾಕ್ 100, ಥಯೋಕಾಲ್ಚಿಕೋಸೈಡ್ 8 ಅಂತ ಐತಿ. ರಾತ್ರಿಗೆ ಟಿಜಾನಿಡಿನ್ 2 ಅಂತ ಇನ್ನೊಂದನ್ನ ಅಂಗಡಿಯವರ ಕೊಟ್ಟಾರ. ಬಿಪಿ ಗುಳಿಗಿನೂ ನಡದೈತಿ. ಹಿಂಗ ಮುಂದುವರಿಸಬಹುದೇನ್ರಿ?

ಉತ್ತರ: ಬೇಡ್ರಿ. ಮೊದಲ ಗುಳಿಗೆಯನ್ನು ಇವತ್ತೇ ನಿಲ್ಲಿಸಿ. ಟಿಜಾನಿಡಿನ್ ವಿಷಯ ಸ್ವಲ್ಪ ಬೇರೆ, ಅದಕ್ಕೆ ಆಮೇಲೆ ಬರೋಣ.

ಥಯೋಕಾಲ್ಚಿಕೋಸೈಡ್, ಟಿಜಾನಿಡಿನ್ ಎರಡೂ ಸ್ನಾಯು ಸಡಿಲಿಸುವ ಔಷಧಗಳು. ಇಂಥವು ನೇರವಾಗಿ ಟೊಂಕದ ಸ್ನಾಯುವಿನ ಮೇಲೆ ಕೆಲಸ ಮಾಡುವುದಿಲ್ಲ. ಸ್ನಾಯುವನ್ನು ಬಿಗಿಹಿಡಿಯಲು ಮಿದುಳು ಮತ್ತು ಬೆನ್ನುಹುರಿಯಿಂದ ಹೋಗುವ ಸಂದೇಶವನ್ನು ತಗ್ಗಿಸುತ್ತವೆ. ಅದಕ್ಕೇ ಇವುಗಳಲ್ಲಿ ಹೆಚ್ಚಿನವು ಮಂಪರು ತರುತ್ತವೆ. ಹಠಾತ್ತನೆ ಸ್ನಾಯು ಸೆಟೆದುಕೊಂಡಾಗ ಮೊದಲ ಕೆಲವು ದಿನ ಉಪಯೋಗವಿದೆ. ದುಡಿದ ಮೈಯ ದಿನನಿತ್ಯದ ನೋವಿಗೆ, ತಿಂಗಳುಗಟ್ಟಲೆಯ ಟೊಂಕನೋವಿಗೆ ಇವುಗಳಿಂದ ಹೇಳಿಕೊಳ್ಳುವಂಥ ಲಾಭವಿಲ್ಲ.

ಥಯೋಕಾಲ್ಚಿಕೋಸೈಡ್‌ಗೆ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಗಟ್ಟಿ ಮಿತಿ ಹಾಕಿತು: 12 ಗಂಟೆಗೆ 8 ಮಿಲಿಗ್ರಾಂ, ದಿನಕ್ಕೆ 16ಕ್ಕಿಂತ ಹೆಚ್ಚಿಲ್ಲ, 7 ದಿನ ಮೀರುವಂತಿಲ್ಲ. ಇದು ದೇಹದಲ್ಲಿ ಒಡೆದಾಗ ಹುಟ್ಟುವ ಒಂದು ವಸ್ತು, ಜೀವಕೋಶ ವಿಭಜನೆಯಾಗುವಾಗ ವಂಶವಾಹಿಗಳನ್ನು ಹೊತ್ತ ವರ್ಣತಂತುಗಳ ಲೆಕ್ಕ ತಪ್ಪಿಸಬಲ್ಲದು. ಹೀಗಾಗಿ ದೀರ್ಘಕಾಲ ಬೇಡ, ಪದೇ ಪದೇ ಬೇಡ. ನೀವು ದಿನದ ಲೆಕ್ಕ ದಾಟಿಲ್ಲ. ದಾಟಿರುವುದು ವಾರದ ಲೆಕ್ಕವನ್ನು.

ನಮಗೆ ಇನ್ನೂ ಹೆಚ್ಚು ಆತಂಕವಾಗುವುದು ಜೊತೆಗಿರುವ ಅಸೆಕ್ಲೋಫೆನಾಕ್‌ನಿಂದ. ನೋವು ಇಳಿಸುವುದು ಮುಖ್ಯವಾಗಿ ಇದೇ. ಹೊಟ್ಟೆ ಹುಣ್ಣು ಮಾಡುವುದು, ಬಿಪಿ ಏರಿಸುವುದು, ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುವುದೂ ಇದೇ. ನಿಮ್ಮ ಬಿಪಿ ಗುಳಿಗೆಯ ಪಟ್ಟಿಯ ಹಿಂಬದಿ ಓದಿ ನೋಡಿ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ಎನಾಲಾಪ್ರಿಲ್ ಇವುಗಳಲ್ಲಿ ಒಂದು ಇದ್ದು, ಜೊತೆಗೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್ಥಾಲಿಡೋನ್ ಕೂಡ ಇದ್ದರೆ, ಅವೆರಡೂ ಅಸೆಕ್ಲೋಫೆನಾಕ್ ಜೊತೆ ಸೇರಿ ಕಿಡ್ನಿಯನ್ನು ಕೆಡಿಸಬಲ್ಲವು. ಹಂಗಾಮಿನ ಕೊನೆಗೆ ಬಿಸಿಲು ಏರಿ, ಫ್ಯಾಕ್ಟರಿ ಗೇಟಿನ ಸಾಲಿನಲ್ಲಿ ನೀರಿಲ್ಲದೆ ಬೆವರುತ್ತ ಕೂತಾಗ ಈ ಅಪಾಯ ಇನ್ನೂ ಹೆಚ್ಚು. ನೋವು ಇರದಿದ್ದರೂ ಒಮ್ಮೆ ಬಿಪಿ ಅಳೆಸಿ, ಕಿಡ್ನಿಯ ಸ್ಥಿತಿ ತಿಳಿಯಲು ರಕ್ತದಲ್ಲಿ ಕ್ರಿಯೇಟಿನಿನ್ ಪರೀಕ್ಷೆ ಮಾಡಿಸಿ. ಮಲ ಟಾರಿನಂತೆ ಕಪ್ಪಾಗಿದ್ದರೆ ಅಥವಾ ಮೂತ್ರ ತೀರಾ ಕಡಿಮೆಯಾಗಿದ್ದರೆ ನಾಳೆ ಎನ್ನಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ.

ಇನ್ನು ಟಿಜಾನಿಡಿನ್. ಇದು ಬಿಪಿಯನ್ನೂ ಇಳಿಸುತ್ತದೆ. ಬಿಪಿ ಗುಳಿಗೆಯೂ ಸೇರಿದರೆ ಹಾಸಿಗೆಯಿಂದ ಎದ್ದ ಕೂಡಲೇ ಕಣ್ಣು ಕತ್ತಲೆ ಬರಬಹುದು. ಬಾಯಿ ಒಣಗುವುದು, ನಿದ್ದೆಗಣ್ಣು ಸಾಮಾನ್ಯ. ಹೆಚ್ಚಿನ ಡೋಸನ್ನು ಬಹಳ ದಿನ ತೆಗೆದುಕೊಂಡು ಒಮ್ಮೆಲೇ ಬಿಟ್ಟರೆ ಬಿಪಿ, ಎದೆಬಡಿತ ಹಠಾತ್ತನೆ ಏರುತ್ತವೆ. ನಿಮ್ಮ ಡೋಸ್ ಸಣ್ಣದು. ಆದರೂ ಬಿಪಿ ಇರುವುದರಿಂದ ಈ ವಾರವೇ ಎರಡೂ ಪಟ್ಟಿ ಡಾಕ್ಟರಿಗೆ ತೋರಿಸಿ, ಬಿಡುವುದು ಹೇಗೆಂದು ಕೇಳಿ. ಸ್ನಾಯು ಸಡಿಲಿಸುವ ಎರಡು ಔಷಧ ಒಟ್ಟಿಗೆ ನಡೆಸುವುದಕ್ಕೆ ನಿಮ್ಮ ವಿಷಯದಲ್ಲಿ ಕಾರಣವೇ ಇಲ್ಲ. ಅಲ್ಲಿಯವರೆಗೆ ರಾತ್ರಿ ಪಾಳಿಯಲ್ಲಿ ಟ್ರ್ಯಾಕ್ಟರ್ ಹತ್ತಬೇಡಿ. ಹಿಂದೆ ಎರಡು ಟ್ರೇಲರ್ ಕಬ್ಬು ಇರುವಾಗ ಕ್ಷಣದ ತೂಕಡಿಕೆ ಸಾಕು, ದಾರಿಯಲ್ಲಿ ಹೋಗುವವರ ಜೀವವೂ ಅದರಲ್ಲಿದೆ.

ನೋವಿಗೆ ಏನು ಮಾಡಬೇಕು? ಬಿಸಿನೀರಿನ ಚೀಲದಿಂದ 15ರಿಂದ 20 ನಿಮಿಷ ಕಾವು, ದಿನಕ್ಕೆ ಎರಡು ಮೂರು ಸಲ. ಒಂದೆರಡು ದಿನಕ್ಕಿಂತ ಹೆಚ್ಚು ಮಲಗಬೇಡಿ, ಮಲಗಿದಷ್ಟೂ ಟೊಂಕ ಬಿಗಿಯುತ್ತದೆ. ತಾಸಿಗೊಮ್ಮೆ ಟ್ರ್ಯಾಕ್ಟರ್ ಇಳಿದು ಐದು ನಿಮಿಷ ಅಡ್ಡಾಡಿ. ಸೀಟಿನಲ್ಲಿ ಕೂತಾಗ ಟೊಂಕದ ಹಿಂದೆ ಮಡಚಿದ ಟವೆಲ್ ಇಡಿ. ಹೊರೆ ಎತ್ತುವಾಗ ಮೈ ತಿರುಚಬೇಡಿ, ಪಾದವನ್ನೇ ತಿರುಗಿಸಿ. ಎರಡು ತಿಂಗಳ ನೋವಿಗೆ ಗುಳಿಗೆಗಿಂತ ಫಿಸಿಯೋಥೆರಪಿಯವರು ಕಲಿಸುವ ವ್ಯಾಯಾಮವೇ ಹೆಚ್ಚು ಉಪಯೋಗ. ಕಾಲಿನ ಶಕ್ತಿ ಕುಗ್ಗುವುದು, ತೊಡೆಸಂದಿ ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ಗೊತ್ತಾಗದೆ ಹೋಗುವುದು ಕಂಡರೆ ಅದು ಬೆನ್ನುಹುರಿಯ ಕೆಳಗಿನ ನರಗಳ ಮೇಲೆ ಒತ್ತಡ ಬಿದ್ದ ಸೂಚನೆ. ಗಂಟೆಗಳ ಲೆಕ್ಕದಲ್ಲಿ ದೊಡ್ಡ ಆಸ್ಪತ್ರೆ ಸೇರಬೇಕು.

ಪ್ರಶ್ನೆ: ಇಳಕಲ್ಲಿನಾಗ ಮಗ್ಗ ನೇಯ್ತೀನ್ರಿ, 28 ವರ್ಷ. ಐದು ತಿಂಗಳ ಕೂಸಿಗೆ ಹಾಲು ಕೊಡಾಕತ್ತೀನಿ. ಕುತ್ತಿಗಿ, ಹೆಗಲು ಹಿಡಕೊಂಡೈತಿ. ಮನಿಯವರಿಗೆ ಕೊಟ್ಟಿದ್ದ ಥಯೋಕಾಲ್ಚಿಕೋಸೈಡ್ ಗುಳಿಗಿ ನಾಕು ಉಳದಾವ, ತಗೋಬಹುದೇನು?

ಉತ್ತರ: ಒಂದನ್ನೂ ತೆಗೆದುಕೊಳ್ಳಬೇಡಿ, ತಂಗಿ. ಹಾಲುಣಿಸುವವರಿಗೆ, ಬಸುರಿಯರಿಗೆ, ಬಸುರಾಗುವ ಸಾಧ್ಯತೆಯಿದ್ದೂ ಗರ್ಭನಿರೋಧಕ ಬಳಸದವರಿಗೆ, 16ರ ಒಳಗಿನವರಿಗೆ ಈ ಔಷಧ ಸಲ್ಲದು. ಮೇಲೆ ಹೇಳಿದ ವರ್ಣತಂತುವಿನ ತೊಂದರೆಯೇ ಕಾರಣ. ಔಷಧ ಎದೆಹಾಲಿಗೂ ಇಳಿಯುತ್ತದೆ.

ನಿಮಗೆ ಪ್ಯಾರಾಸಿಟಮಾಲ್ 500 ಸಾಕು: ಬೇಕಾದಾಗ ಒಂದು, ಆರು ಗಂಟೆ ಅಂತರ ಬಿಟ್ಟು, ದಿನಕ್ಕೆ ನಾಲ್ಕರ ಒಳಗೆ. ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದು. ಜೊತೆಗೆ ಕಾವು ಕೊಡಿ. ಲಾಳಿ ಎಳೆಯುವ ಕೈಯ ಹೆಗಲು ಕಿವಿಯ ಕಡೆಗೆ ಏರಿ ನಿಲ್ಲುತ್ತಿದೆಯೇ ಎಂದು ಮನೆಯವರಿಗೆ ನೋಡಲು ಹೇಳಿ. ಅರ್ಧ ತಾಸಿಗೊಮ್ಮೆ ಕೈಬಿಟ್ಟು, ಹೆಗಲನ್ನು ಹತ್ತು ಸಲ ಹಿಂದಕ್ಕೆ ಸುತ್ತಿಸಿ. ಕೂಸಿಗೆ ಹಾಲು ಕೊಡುವಾಗ ಬಾಗಬೇಡಿ, ದಿಂಬಿನ ಮೇಲೆ ಕೂಸನ್ನೇ ಎದೆಮಟ್ಟಕ್ಕೆ ಎತ್ತಿಕೊಳ್ಳಿ. ಎಷ್ಟೋ ಬಾಣಂತಿಯರ ಕುತ್ತಿಗೆ ನೋವಿನ ಮೂಲ ಅಲ್ಲೇ ಇರುತ್ತದೆ. ಕೈಗೆ ಜೋಮು ಇಳಿದರೆ ಅಥವಾ ಹಿಡಿತ ಸಡಿಲಾದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಮ್ಮ ತಂದೆಯವರಿಗೆ 71. ಬೆನ್ನುನೋವಿಗೆ ಹತ್ತು ದಿನದಿಂದ ಟಿಜಾನಿಡಿನ್ 2, ಎರಡು ಹೊತ್ತು. ಮೂತ್ರದ ಸೋಂಕಿಗೆ ನಿನ್ನೆ ಬೇರೆ ಡಾಕ್ಟರು ಸಿಪ್ರೊಫ್ಲಾಕ್ಸಾಸಿನ್ ಬರೆದರು. ಇವತ್ತು ಎದ್ದರೆ ತೂರಾಡುತ್ತಾರೆ, ಇಡೀ ದಿನ ಮಂಪರು. (ವಿಜಯಪುರ)

ಉತ್ತರ: ಈ ಎರಡು ಔಷಧ ಒಟ್ಟಿಗೆ ಸೇರಲೇಬಾರದು. ಟಿಜಾನಿಡಿನ್ ಅನ್ನು ಲಿವರ್‌ನಲ್ಲಿ ಒಡೆಯುವ ಕಿಣ್ವವನ್ನು ಸಿಪ್ರೊಫ್ಲಾಕ್ಸಾಸಿನ್ ತಡೆಯುತ್ತದೆ. ಆಗ ದೇಹಕ್ಕೆ ಸಿಗುವ ಟಿಜಾನಿಡಿನ್ ಸುಮಾರು 10 ಪಟ್ಟು ಹೆಚ್ಚುತ್ತದೆ. ನುಂಗಿದ್ದು 2 ಮಿಲಿಗ್ರಾಂ, ಮೈಗೆ ಬಿದ್ದ ಪರಿಣಾಮ 20ರದ್ದು. ಮುಂದಿನ ಟಿಜಾನಿಡಿನ್ ಕೊಡಬೇಡಿ, ಈಗಲೇ ಡಾಕ್ಟರಿಗೆ ಫೋನ್ ಮಾಡಿ. ಸೋಂಕಿನ ಔಷಧವನ್ನು ನೀವಾಗಿ ನಿಲ್ಲಿಸಬೇಡಿ, ಬದಲಿಸುವುದು ಅವರ ನಿರ್ಧಾರ. ಮಲಗಿಸಿಯೇ ಇರಿ, ಬಚ್ಚಲಿಗೆ ಒಬ್ಬರು ಕೈಹಿಡಿದು ಕರೆದೊಯ್ಯಿರಿ. ಮೇಲಿನ ಬಿಪಿ 90ಕ್ಕಿಂತ ಕೆಳಗಿದ್ದರೆ ಅಥವಾ ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ 108ಕ್ಕೆ ಕರೆ ಮಾಡಿ. ಖಿನ್ನತೆಗೆ ಕೊಡುವ ಫ್ಲುವೊಕ್ಸಮಿನ್ ಜೊತೆಗೂ ಇದೇ ಅಪಾಯವಿದೆ. ಎರಡು ಕಡೆ ಚಿಕಿತ್ಸೆ ನಡೆದಾಗ ಎಲ್ಲ ಗುಳಿಗೆಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ.

ಪ್ರಶ್ನೆ: ಕ್ಲೋರ್ಜೋಕ್ಸಜೋನ್ ಇರೋ ಗುಳಿಗಿ ಮೂರು ಹೊತ್ತು ನಡದೈತಿ. ಮೂತ್ರ ಕೇಸರಿ ಬಣ್ಣ ಆಗೈತಿ. ರಾತ್ರಿ ಸ್ವಲ್ಪ ಕುಡಿಯೂ ರೂಢಿ ಐತಿ. (ಗೋಕಾಕ)

ಉತ್ತರ: ಕ್ಲೋರ್ಜೋಕ್ಸಜೋನ್ ಕೂಡ ಸ್ನಾಯು ಸಡಿಲಿಸುವ ಔಷಧವೇ. ಇದರಿಂದ ಕೆಲವರ ಮೂತ್ರ ಕೇಸರಿ ಅಥವಾ ಕೆನ್ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅಷ್ಟರಿಂದಲೇ ಹಾನಿಯಿಲ್ಲ. ಆದರೆ ಅಪರೂಪಕ್ಕೆ ಇದು ಲಿವರ್‌ಗೆ ಪೆಟ್ಟು ಕೊಡುತ್ತದೆ, ಕುಡಿತ ಸೇರಿದರೆ ಮಂಪರೂ ಲಿವರ್ ಮೇಲಿನ ಹೊರೆಯೂ ಹೆಚ್ಚು. ಗುಳಿಗೆ ಮುಗಿಯುವವರೆಗೆ ಒಂದು ಗುಟುಕೂ ಬೇಡ. ಇಂಥ ಗುಳಿಗೆಗಳಲ್ಲಿ ಹಲವಕ್ಕೆ ಪ್ಯಾರಾಸಿಟಮಾಲ್ 325 ಸೇರಿರುತ್ತದೆ. ಮೂರು ಹೊತ್ತಿಗೆ 975 ಆಯಿತು. ಜ್ವರ ಬಂತೆಂದು 650ರ ಗುಳಿಗೆಯನ್ನೂ ಮೂರು ಸಲ ನುಂಗಿದರೆ ಒಟ್ಟು 2,925 ಮಿಲಿಗ್ರಾಂ, ಕುಡಿಯುವವರ ಲಿವರ್‌ಗೆ ಇದು ಜಾಸ್ತಿ. ಕಣ್ಣಿನ ಬಿಳಿ ಭಾಗ ಹಳದಿಯಾಗುವುದು, ಊಟ ಸೇರದಿರುವುದು, ವಾಂತಿ, ಬಲಪಕ್ಕೆಯ ಕೆಳಗೆ ನೋವು, ಮೈ ತುರಿಕೆ ಇವುಗಳಲ್ಲಿ ಯಾವುದೇ ಕಂಡರೂ ಗುಳಿಗೆ ನಿಲ್ಲಿಸಿ, ಅದೇ ದಿನ ಡಾಕ್ಟರನ್ನು ಕಂಡು ಲಿವರ್ ಪರೀಕ್ಷೆಗೆ ರಕ್ತ ಕೊಡಿ.